ಪಠ್ಯಪುಸ್ತಕವನ್ನು ಆರಿಸಿದವರು ಯಾರು? ಸವಣೂರಿನ ಅಜ್ಜಿಗೆ ಉತ್ತರ ಬೇಕಾಗಿದೆ

ಸವಣೂರಿನ ಪಾಲಕ

ದಸರಾ ರಜೆ ಮುಗಿದ ಮೊದಲ ಶನಿವಾರ ನಮ್ಮ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇತ್ತು. ಇದ್ದದ್ದು ಎರಡೇ ವಿಷಯ: ಶೌಚಾಲಯದ ಬಾಗಿಲು ಮತ್ತು ಬಿಸಿಯೂಟದ ಕೋಣೆಯ ಸೋರುವ ತಗಡು. ಎರಡೂ ಮುಗಿದು ಚಹಾ ಬರುವ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ಮಗ ಸೊಸೆ ಇಬ್ಬರೂ ದುಡಿಯಲು ಗೋವೆಗೆ ಹೋಗಿದ್ದಾರೆ, ಮೊಮ್ಮಗಳ ಪರವಾಗಿ ಸಭೆಗೆ ಇವರೇ ಬರುತ್ತಾರೆ. ಕೈಯಲ್ಲಿ ಆರನೆಯ ತರಗತಿಯ ಕನ್ನಡ ಪುಸ್ತಕ ಇತ್ತು. “ಇದನ್ನು ಆರಿಸಿದವರು ಯಾರು? ಹುಡುಗಿ ರಾತ್ರಿ ಗಟ್ಟಿಯಾಗಿ ಓದುತ್ತಾಳೆ, ನಾನು ಕೇಳುತ್ತೇನೆ. ಅರ್ಧ ಮಾತು ನಮ್ಮ ಕಡೆಯವಲ್ಲ” ಎಂದರು.

ಮುಖ್ಯಗುರುಗಳು “ಸರ್ಕಾರ” ಎಂದರು. “ಸರ್ಕಾರ ಎಂದರೆ ಯಾರು? ಅವರಿಗೆ ಹೆಸರಿಲ್ಲವೇ?” ಎಂದು ಅಜ್ಜಿ ಮತ್ತೆ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.

ನಾನು ಎಸ್‌ಡಿಎಂಸಿ ಅಧ್ಯಕ್ಷ. ಗೊಬ್ಬರದ ಅಂಗಡಿ ನಡೆಸುತ್ತೇನೆ. ಯಾವ ಚೀಲ ಯಾವ ಕಾರ್ಖಾನೆಯಿಂದ ಬಂದದ್ದು ಎಂದು ದೂರದಿಂದಲೇ ಹೇಳಬಲ್ಲೆ. ಮಗಳ ಚೀಲದಲ್ಲಿರುವ ಪುಸ್ತಕ ಎಲ್ಲಿಂದ ಬಂತು ಎಂದು ಹೇಳಲಾಗದೆ ತಲೆ ತಗ್ಗಿಸಿ ಕುಳಿತೆ. ಮುಂದಿನ ಸಭೆಯಲ್ಲಿ ಉತ್ತರ ಕೊಡುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ. ತಿಳಿದವರು ತಿಳಿಸಿ. ರಾಜಕೀಯ ಮಾತ್ರ ಬೇಡ, ಅದು ಟಿವಿಯಲ್ಲಿ ಬೇಕಾದಷ್ಟು ಸಿಗುತ್ತದೆ.

ಇಂಡೆಂಟ್ ಗುಮಾಸ್ತ, ಹುಬ್ಬಳ್ಳಿ

ರಾಜಕೀಯ ಬಿಟ್ಟು ಪಠ್ಯಪುಸ್ತಕದ ಬಗ್ಗೆ ಮಾತನಾಡುವುದೆಂದರೆ ಉಪ್ಪು ಬಿಟ್ಟು ಉಪ್ಪಿನಕಾಯಿ ಹಾಕಿದಂತೆ. ನೋಡೋಣ, ಎಷ್ಟು ದಿನ ಕೆಡದೆ ಉಳಿಯುತ್ತದೆಯೋ.

ನಾನು ಖಾಸಗಿ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ರಾಜ್ಯ ಪಠ್ಯಕ್ರಮದ ಶಾಲೆಯಾದ್ದರಿಂದ ನಮಗೂ ನಿಮ್ಮದೇ ಪುಸ್ತಕ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಉಚಿತವಾಗಿ ಬರುತ್ತದೆ, ನಾವು ಮಕ್ಕಳ ಸಂಖ್ಯೆ ತೋರಿಸಿ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ಹಣ ಕಟ್ಟುತ್ತೇವೆ. ‘ಆರಿಸುವುದು’ ಎಂಬ ಮಾತು ಶಾಲೆಯ ಮಟ್ಟದಲ್ಲಿ ಇಲ್ಲವೇ ಇಲ್ಲ. ಮಾಧ್ಯಮ ಯಾವುದು, ಪ್ರತಿ ಎಷ್ಟು, ಇಷ್ಟೇ ನಮ್ಮ ಆಯ್ಕೆ. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪುಸ್ತಕ.

ನಿವೃತ್ತ ಮಾಸ್ತರ, ಧಾರವಾಡ

ಅಧ್ಯಕ್ಷರೇ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ನಲವತ್ತು ವರ್ಷ ಪಾಠ ಹೇಳಿದವನಿಗೆ ಒಬ್ಬ ಪಾಲಕರೂ ಈ ಪ್ರಶ್ನೆ ಕೇಳಿರಲಿಲ್ಲ.

ಹೆಸರುಗಳಿವೆ. ಪುಸ್ತಕದ ಮೊದಲ ಕೆಲವು ಪುಟಗಳನ್ನು ನಾವೆಲ್ಲ ದಾಟಿ ಹೋಗುತ್ತೇವೆ. ಅಲ್ಲಿ ನಿಂತು ಓದಿ. ಪಠ್ಯಪುಸ್ತಕ ರಚನಾ ಸಮಿತಿ, ಅಧ್ಯಕ್ಷರು, ಸದಸ್ಯರು, ಪರಿಶೀಲಕರು, ಕಲಾವಿದರು, ಸಂಪಾದಕ ಮಂಡಳಿ ಎಂದು ಪಟ್ಟಿ ಇರುತ್ತದೆ. ಪರಿಷ್ಕರಣೆ ಆಗಿದ್ದರೆ ಪರಿಷ್ಕರಣ ಸಮಿತಿಯ ಪಟ್ಟಿ ಬೇರೆ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಕೆಲಸ ಮಾಡುವ ಊರು, ಸಂಸ್ಥೆ ಇರುತ್ತದೆ. ಅವುಗಳಲ್ಲಿ ಶಾಲಾ ಶಿಕ್ಷಕರ ಹೆಸರುಗಳೂ ಇರುತ್ತವೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಕ್ರಮ ಹೀಗೆ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಂ ಪ್ರಕಾರ ಪಠ್ಯಕ್ರಮ ನಿಗದಿ ಮಾಡಲು ಸರ್ಕಾರ ಒಂದು ಶೈಕ್ಷಣಿಕ ಪ್ರಾಧಿಕಾರವನ್ನು ಗೊತ್ತುಮಾಡಬೇಕು. ನಮ್ಮಲ್ಲಿ ಅದು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ. ಪುಸ್ತಕ ಸಿದ್ಧಪಡಿಸಿ ಅಚ್ಚು ಹಾಕಿಸುವುದು ಕರ್ನಾಟಕ ಪಠ್ಯಪುಸ್ತಕ ಸಂಘ, ಬೆಂಗಳೂರಿನ ಬನಶಂಕರಿಯಲ್ಲಿದೆ. ಸರ್ಕಾರ ಆದೇಶ ಹೊರಡಿಸಿ ಸಮಿತಿ ಮಾಡುತ್ತದೆ. ಸಮಿತಿಯ ಕೆಳಗೆ ವಿಷಯವಾರು ಉಪಸಮಿತಿಗಳು. ಅವರು ಪಾಠ ಬರೆಯುತ್ತಾರೆ ಅಥವಾ ಆಯುತ್ತಾರೆ. ಪರಿಶೀಲಕರು ನೋಡುತ್ತಾರೆ, ಸಂಪಾದಕರು ತಿದ್ದುತ್ತಾರೆ, ಸರ್ಕಾರ ಒಪ್ಪುತ್ತದೆ. ಆಮೇಲೆ ಇತರ ಮಾಧ್ಯಮಗಳಿಗೆ ಅನುವಾದ, ಟೆಂಡರ್, ಮುದ್ರಣ, ಲಾರಿ.

‘ಸರ್ಕಾರ’ ಎಂದು ನಿಮ್ಮ ಮುಖ್ಯಗುರುಗಳು ಹೇಳಿದ್ದು ತಪ್ಪಲ್ಲ. ಅವಸರದ ಉತ್ತರ, ಅಷ್ಟೇ.

ಸವಣೂರಿನ ಪಾಲಕ

ಗುರುಗಳೇ, ಈಗಲೇ ಮಗಳ ಪುಸ್ತಕ ತೆಗೆದು ನೋಡಿದೆ. ಪಟ್ಟಿ ಇದೆ. ನಮ್ಮ ಜಿಲ್ಲೆಯ ಹೆಸರು ಹುಡುಕಲು ಹೋದೆ. ಮಗಳು “ಅಪ್ಪಾ, ಆ ಪುಟದಲ್ಲಿ ಪ್ರಶ್ನೆ ಕೇಳುವುದಿಲ್ಲ, ಬಿಡಿ” ಎಂದಳು.

ಕನ್ನಡ ಶಿಕ್ಷಕಿ, ಮುಂಡರಗಿ ತಾಲ್ಲೂಕು

ಅಜ್ಜಿಯ ಎರಡನೆಯ ಮಾತನ್ನು ಯಾರೂ ಮುಟ್ಟಲಿಲ್ಲವಲ್ಲ? ಅರ್ಧ ಮಾತು ನಮ್ಮ ಕಡೆಯವಲ್ಲ ಎಂದರಲ್ಲ, ನನ್ನ ದಿನದ ಕೆಲಸವೇ ಅದು. ಪಾಠದಲ್ಲಿ ‘ಪೊರಕೆ’ ಬರುತ್ತದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಸಬರಿಗೆ ಎಂದ ತಕ್ಷಣ ಓ ಎನ್ನುತ್ತಾರೆ. ‘ಸೌದೆ’ ಎಂದರೆ ಕಟ್ಟಿಗೆ, ‘ಈರುಳ್ಳಿ’ ಎಂದರೆ ಉಳ್ಳಾಗಡ್ಡಿ. ಒಂದು ಅವಧಿ ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವುದರಲ್ಲಿ ಹೋಗುತ್ತದೆ.

ಇದರಲ್ಲಿ ದೂರು ಏನೂ ಇಲ್ಲ. ಮಕ್ಕಳು ಪೊರಕೆಯನ್ನೂ ಕಲಿಯಲಿ, ಒಳ್ಳೆಯದೇ. ಆದರೆ ಪಾಠದ ಕೊನೆಯ ‘ಪದಗಳ ಅರ್ಥ’ ನೋಡಿ. ನಮ್ಮ ಕಡೆಯ ಲೇಖಕರ ಪಾಠವಿದ್ದರೆ ‘ಉಳ್ಳಾಗಡ್ಡಿ - ಈರುಳ್ಳಿ’ ಎಂದು ಬರೆದಿರುತ್ತಾರೆ. ಆ ಕಡೆಯ ಪಾಠದಲ್ಲಿ ‘ಈರುಳ್ಳಿ - ಉಳ್ಳಾಗಡ್ಡಿ’ ಎಂದು ಬರೆದದ್ದನ್ನು ನಾನು ಈ ಹದಿನೆಂಟು ವರ್ಷಗಳಲ್ಲಿ ಕಂಡಿಲ್ಲ. ಅರ್ಥ ಹೇಳಿಸಿಕೊಳ್ಳಬೇಕಾದ ಮಾತು ಯಾವುದು, ಹೇಳಿಸಿಕೊಳ್ಳದೆ ತಿಳಿಯುವ ಮಾತು ಯಾವುದು ಎಂದು ಯಾರೋ ತೀರ್ಮಾನ ಮಾಡಿದ್ದಾರೆ. ಬಹುಶಃ ತೀರ್ಮಾನ ಮಾಡುತ್ತಿದ್ದೇವೆ ಎಂಬುದೂ ಅವರಿಗೆ ಹೊಳೆದಿರಲಿಕ್ಕಿಲ್ಲ.

ದುರ್ಗದಬೈಲ್ ಝೆರಾಕ್ಸ್

ಅಕ್ಕನವರೇ, ಕಸಬರಿಗೆಯ ಮಾತು ಓದಿ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ನನ್ನ ಹೆಂಡತಿ ತುಮಕೂರಿನ ಕಡೆಯವಳು. ನಮ್ಮ ಮನೆಯಲ್ಲಿ ದಿನವೂ ಪಠ್ಯಪುಸ್ತಕ ಪರಿಷ್ಕರಣೆ ನಡೆಯುತ್ತದೆ.

ಬಾಡದ ಹಾದಿಯವ, ಹಾವೇರಿ ಜಿಲ್ಲೆ

ಶಬ್ದದ ಮಾತು ಇರಲಿ. ರಾಜಕೀಯ ಬೇಡ ಎಂದರೆ ಹೇಗೆ? ಪುಸ್ತಕ ಬದಲಾಗುವುದೇ ಸರ್ಕಾರ ಬದಲಾದಾಗ. ಮುಡಂಬಡಿತ್ತಾಯರ ನೇತೃತ್ವದಲ್ಲಿ ಬಂದ ಪುಸ್ತಕಗಳನ್ನು ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿತು, 2017-18ರಲ್ಲಿ ಅವು ಶಾಲೆಗೆ ಬಂದವು. ಅವನ್ನು ರೋಹಿತ್ ಚಕ್ರತೀರ್ಥರ ಸಮಿತಿ ತಿದ್ದಿತು, 2022-23ಕ್ಕೆ ಬಂದವು. 2023ರಲ್ಲಿ ಸರ್ಕಾರ ಬದಲಾಯಿತು, ಒಂದು ತಿಂಗಳೊಳಗೆ ಸಂಪುಟ ಮತ್ತೆ ಪರಿಷ್ಕರಣೆಗೆ ಒಪ್ಪಿತು. ಆಮೇಲೆ ಮಂಜುನಾಥ ಹೆಗಡೆಯವರ ಸಮಿತಿ, 2024-25ಕ್ಕೆ ಇನ್ನೊಂದು ಪರಿಷ್ಕರಣೆ. 2023ರ ನಡುವಿನ ತಿದ್ದುಪಡಿ ಬಿಟ್ಟರೂ ಏಳು ವರ್ಷಗಳಲ್ಲಿ ಮೂರು ಸಲ. ಎತ್ತಿಗೂ ಇಷ್ಟು ಬೇಗ ಲಾಳ ಬದಲಿಸುವುದಿಲ್ಲ.

ನಾನು ಕನಕದಾಸರ ಊರಿನ ಕಡೆಯವನು. 2022ರಲ್ಲಿ ಏಳನೆಯ ತರಗತಿಯ ಸಮಾಜ ವಿಜ್ಞಾನದ ಭಕ್ತಿ ಪಂಥದ ಪಾಠದಲ್ಲಿ ಕನಕದಾಸರು ಪುರಂದರದಾಸರು ಇಲ್ಲ ಎಂದು ಗದ್ದಲವಾಯಿತು. ಸಮಿತಿಯನ್ನು ಜೂನ್ ಮೊದಲ ವಾರ ವಿಸರ್ಜಿಸಿದರು. ತಿಂಗಳ ಕೊನೆಗೆ ತಿದ್ದುಪಡಿಯ ಆದೇಶ ಬಂತು. ಅಂಬೇಡ್ಕರರ ಹೆಸರಿನ ಜೊತೆ ಬಿಟ್ಟುಹೋಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಮಾತು, ಬಸವಣ್ಣನವರ ಪಾಠದ ಸಾಲುಗಳು, ನಮ್ಮ ದಾಸರು, ಎಲ್ಲವೂ ಅದರಲ್ಲಿದ್ದವು. ಇವರು ಪರಿಶೀಲಕರು ಎಂದು ಹೆಸರು ಹಾಕಿಸಿಕೊಂಡು ಏನು ಪರಿಶೀಲಿಸಿದರು?

ಇಂಡೆಂಟ್ ಗುಮಾಸ್ತ, ಹುಬ್ಬಳ್ಳಿ

ಹೇಳಿರಲಿಲ್ಲವೇ, ಉಪ್ಪು ಬಿತ್ತು.

ನಿವೃತ್ತ ಮಾಸ್ತರ, ಧಾರವಾಡ

ಬೀಳಲಿ ಬಿಡಿ. ಬಾಡದವರು ಹೇಳಿದ ಕ್ರಮ ಸರಿಯಾಗಿದೆ. ಆದರೆ ಮೂರೂ ಸಲ ಜಗಳ ಎಲ್ಲಿ ಆಯಿತು ಎಂದು ನೋಡಿ. ಕನ್ನಡ ಮತ್ತು ಸಮಾಜ ವಿಜ್ಞಾನ. ಯಾರು ಒಳಗೆ, ಯಾರು ಹೊರಗೆ. ಆರೆಸ್ಸೆಸ್ ಸ್ಥಾಪಕ ಹೆಡಗೇವಾರರ ಭಾಷಣ ಹತ್ತನೆಯ ತರಗತಿಗೆ ಬಂತು, 2023ರಲ್ಲಿ ಹೋಯಿತು. ಸಾವಿತ್ರಿಬಾಯಿ ಫುಲೆಯವರ ಪಾಠ ಬಂತು. ಸಾಹಿತಿ ದೇವನೂರ ಮಹಾದೇವ ಅವರು 2022ರಲ್ಲಿ ತಮ್ಮ ಬರಹವನ್ನು ಪಾಠವಾಗಿಸಲು ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ಇವೆಲ್ಲ ಸಣ್ಣ ವಿಷಯಗಳಲ್ಲ. ಮಗು ಯಾರ ಹೆಸರನ್ನು ಮೊದಲು ಕೇಳುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ನನಗೂ ಇದರಲ್ಲಿ ನನ್ನದೇ ಪಕ್ಷವಿದೆ, ಇಲ್ಲಿ ಹೇಳುವುದಿಲ್ಲ.

ಒಂದು ಹಳೆಯ ಅನುಭವ ಹೇಳುತ್ತೇನೆ. ಯಾವ ಸಮಿತಿ, ಯಾವ ವರ್ಷ ಎಂದು ಕೇಳಬೇಡಿ. ಪಾಠ ಆಯುವ ಕಾರ್ಯಾಗಾರಕ್ಕೆ ನನ್ನನ್ನು ಕರೆದಿದ್ದರು. ಮೇಜಿನ ಮೇಲೆ ಉದ್ದನೆಯ ಒಂದು ಹಾಳೆ. ಅದರಲ್ಲಿ ಗೆರೆ ಹಾಕಿ ಮನೆಗಳನ್ನು ಮಾಡಿದ್ದರು: ಹಳಗನ್ನಡ, ನಡುಗನ್ನಡ, ವಚನ, ದಾಸರ ಪದ, ಹೊಸಗನ್ನಡ ಕವಿತೆ, ಕಥೆ, ಪ್ರವಾಸ, ವ್ಯಕ್ತಿಚಿತ್ರ. ಅಡ್ಡಕ್ಕೆ ಹಳೆ ಮೈಸೂರು, ಕರಾವಳಿ, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ. ಮಹಿಳೆ ಎಷ್ಟು, ದಲಿತರು ಎಷ್ಟು, ಅಲ್ಪಸಂಖ್ಯಾತರು ಎಷ್ಟು. ಪಾಠ ಸಿಕ್ಕಿದಂತೆ ಆಯಾ ಮನೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದರು. ಎಲ್ಲರೂ ತಿಳಿದವರು, ಸಂಜೆಯವರೆಗೆ ಪ್ರಾಮಾಣಿಕವಾಗಿ ದುಡಿದರು. ಎಲ್ಲ ಮನೆ ತುಂಬಿದಾಗ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆ ಹಾಳೆಯಲ್ಲಿ ‘ಇದನ್ನು ಎಷ್ಟು ಅವಧಿಯಲ್ಲಿ ಕಲಿಸಬಹುದು’ ಎಂಬ ಮನೆ ಇರಲಿಲ್ಲ. ನಾನೂ ಆ ದಿನ ಕೇಳಲಿಲ್ಲ. ಊಟಕ್ಕೆ ಚಿರೋಟಿ ಮಾಡಿಸಿದ್ದರು, ಅದು ಮಾತ್ರ ಚೆನ್ನಾಗಿ ನೆನಪಿದೆ.

ಬಾಡದ ಹಾದಿಯವ, ಹಾವೇರಿ ಜಿಲ್ಲೆ

ಗುರುಗಳೇ, ಹೀಗೆ ಎರಡೂ ಕಡೆ ತೂಗಿದರೆ ಕನಕದಾಸರನ್ನು ಬಿಟ್ಟವರೂ ಸೇರಿಸಿದವರೂ ಒಂದೇ ಆಗುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ.

ನಿವೃತ್ತ ಮಾಸ್ತರ, ಧಾರವಾಡ

ಒಪ್ಪಬೇಡಿ. ಒಂದೇ ಎಂದು ನಾನು ಹೇಳಲಿಲ್ಲ. ಬಿಟ್ಟದ್ದು ತಪ್ಪು. ಸೇರಿಸಿದವರು, ಆ ಪಾಠ ಮೊದಲಿದ್ದಾಗ ಮಕ್ಕಳಿಗೆ ಏನು ತಲುಪಿತ್ತು ಎಂದು ಕೇಳಿಕೊಂಡು ಸೇರಿಸಿದರೇ ಎಂಬುದಷ್ಟೇ ನನ್ನ ಪ್ರಶ್ನೆ. ಕನಕದಾಸರ ಹೆಸರು ಪುಸ್ತಕದಲ್ಲಿರುವುದು ಒಂದು. ಬಾಡದಿಂದ ಹತ್ತು ಕಿಲೋಮೀಟರ್ ದೂರದ ಶಾಲೆಯ ಹುಡುಗ ಅವರು ತನ್ನ ಜಿಲ್ಲೆಯವರು ಎಂದು ಆ ಪಾಠದಿಂದ ತಿಳಿದುಕೊಳ್ಳುವುದು ಇನ್ನೊಂದು.

ಗಣಿತ ಮಾಸ್ತರ, ರೋಣ

ಭಾಷೆ, ಇತಿಹಾಸಗಳ ಜಗಳವಾದರೂ ಬೆಂಗಳೂರಿನಲ್ಲಿ ನಡೆಯುತ್ತದೆ. ನಮ್ಮದು ಅಲ್ಲಿಯೂ ಇಲ್ಲ. ಹತ್ತನೆಯ ತರಗತಿಯ ಗಣಿತ, ವಿಜ್ಞಾನದ ಪುಸ್ತಕಗಳು ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯವು, ಕನ್ನಡಕ್ಕೆ ಅನುವಾದವಾಗಿ ಬರುತ್ತವೆ. ಎನ್‌ಸಿಇಆರ್‌ಟಿ 2023ರಲ್ಲಿ ಹತ್ತನೆಯ ತರಗತಿಯ ತನ್ನ ವಿಜ್ಞಾನ ಪುಸ್ತಕದಿಂದ ಆವರ್ತ ಕೋಷ್ಟಕದ ಅಧ್ಯಾಯವನ್ನೂ ಜೀವವಿಕಾಸದ ಭಾಗವನ್ನೂ ತೆಗೆದಿತ್ತು. ಅಂಥ ತೀರ್ಮಾನ ಆಗುವ ಮೇಜು ದೆಹಲಿಯಲ್ಲಿದೆ. ಅಲ್ಲಿಗೆ ರೋಣದವನ ಮಾತು ಹೇಗೆ ಹೋಗಬೇಕು?

ಅನುವಾದದ ಕಥೆ ಇನ್ನೊಂದು. ‘ಸಮಾಂತರ ಶ್ರೇಢಿ’ ಎಂದು ಬೋರ್ಡಿನ ಮೇಲೆ ಬರೆದರೆ ಆ ಢಕಾರಕ್ಕೇ ಐದು ನಿಮಿಷ ಹೋಗುತ್ತದೆ. ಮರದ ದಿಮ್ಮಿಗಳನ್ನು ಸಾಲು ಸಾಲಾಗಿ ಒಟ್ಟಿದ ಒಂದು ಲೆಕ್ಕ ಅದೇ ಅಧ್ಯಾಯದಲ್ಲಿದೆ. ಕೆಳಗಿನ ಸಾಲಿನಲ್ಲಿ ಇಪ್ಪತ್ತು, ಅದರ ಮೇಲೆ ಹತ್ತೊಂಬತ್ತು, ಹೀಗೆ ಒಟ್ಟು ಇನ್ನೂರು ದಿಮ್ಮಿ. ಒಳ್ಳೆಯ ಲೆಕ್ಕ. ಆದರೆ ರೋಣದ ಮಕ್ಕಳು ದಿಮ್ಮಿ ಒಟ್ಟಿದ್ದನ್ನು ಎಲ್ಲಿ ನೋಡಬೇಕು? ನಾನು ಬಣವೆ ಎನ್ನುತ್ತೇನೆ. ಮೇಲಕ್ಕೆ ಹೋದಂತೆ ಸಾಲಿಗೆ ಒಂದು ಸಿವುಡು (ಕಟ್ಟು) ಕಡಿಮೆ ಮಾಡುತ್ತಾ ಜೋಳದ ಕಣಿಕೆ ಒಟ್ಟಿದರೆ ಇನ್ನೂರು ಸಿವುಡಿಗೆ ಎಷ್ಟು ಸಾಲು? ಹಿಂದಿನ ಬೆಂಚಿನವನೂ ಕೈ ಎತ್ತುತ್ತಾನೆ, ಯಾಕೆಂದರೆ ಅವನು ಕಳೆದ ತಿಂಗಳು ಅಪ್ಪನ ಜೊತೆ ಬಣವೆ ಒಟ್ಟಿ ಬಂದಿರುತ್ತಾನೆ.

ಆದರೆ ಲೆಕ್ಕದಲ್ಲಿ ಒಂದು ಗಮ್ಮತ್ತು ಇದೆ. ಸೂತ್ರ ಹಾಕಿದರೆ ಎರಡು ಉತ್ತರ ಬರುತ್ತದೆ: ಹದಿನಾರು ಸಾಲು ಅಥವಾ ಇಪ್ಪತ್ತೈದು ಸಾಲು. ಇಪ್ಪತ್ತೈದು ಯಾಕೆ ಸಾಧ್ಯವಿಲ್ಲ ಎಂದು ಕೇಳಿದೆ. ಒಬ್ಬ ಹುಡುಗಿ, “ಇಪ್ಪತ್ತೊಂದನೆಯ ಸಾಲಿಗೇ ಸಿವುಡು ಮುಗಿಯುತ್ತದೆ ಸರ್, ಆಮೇಲೆ ಗಾಳಿಯ ಮೇಲೆ ಒಟ್ಟಬೇಕು” ಎಂದಳು. ಇದನ್ನು ಯಾವ ಸಮಿತಿಗೆ ಕಳಿಸಲಿ?

ಕನ್ನಡ ಶಿಕ್ಷಕಿ, ಮುಂಡರಗಿ ತಾಲ್ಲೂಕು

ಸರ್, ಗಾಳಿಯ ಮೇಲೆ ಒಟ್ಟಿದ ಆ ಸಾಲನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದೀರೋ ಇಲ್ಲವೋ? ಇಲ್ಲವಾದರೆ ಇವತ್ತೇ ಬರೆಯಿರಿ.

ನಾನು ಬರೆದಿಡುತ್ತೇನೆ. ನನ್ನ ಕಪಾಟಿನಲ್ಲಿ ಎಂಟನೆಯ ತರಗತಿಯ ಕನ್ನಡ ಪುಸ್ತಕದ ಮೂರು ಪ್ರತಿಗಳಿವೆ: ಬಾಡದ ಅಣ್ಣ ಹೇಳಿದ ಮೂರು ಪರಿಷ್ಕರಣೆಯವು. ಮೂರರ ಅಂಚಿನಲ್ಲೂ ಪೆನ್ಸಿಲ್ ಗುರುತುಗಳಿವೆ. ಪಾಠದ ತಲೆಯ ಮೇಲೆ ಆ ವರ್ಷ ಎಷ್ಟು ಅವಧಿ ಹಿಡಿಯಿತು ಎಂದು ಬರೆಯುತ್ತೇನೆ. ಒಂದು ಗದ್ಯಪಾಠದ ಮೇಲೆ ‘5, 5, 7’ ಎಂದಿದೆ. ಏಳು ಹಿಡಿದ ವರ್ಷ ಕೊರೋನಾ ಮುಗಿದು ಮಕ್ಕಳು ತಿರುಗಿ ಬಂದಿದ್ದರು, ಗಟ್ಟಿಯಾಗಿ ಓದುವುದನ್ನೇ ಮರೆತಿದ್ದರು. ಮಕ್ಕಳು ಎಡವಿದ ಶಬ್ದದ ಕೆಳಗೆ ಗೆರೆ. ನಕ್ಕ ಜಾಗದಲ್ಲಿ ಒಂದು ‘ನ’. ಒಂದು ಕವಿತೆಯ ಪಕ್ಕದಲ್ಲಿ ‘ಯಾರೂ ನಿದ್ದೆ ಮಾಡಲಿಲ್ಲ’ ಎಂದು ಬರೆದಿದ್ದೇನೆ. ಅದು ಮಧ್ಯಾಹ್ನದ ಊಟದ ನಂತರದ ಅವಧಿ, ಆದ್ದರಿಂದ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿಲ್ಲ.

ಆ ಕವಿತೆ ಮುಂದಿನ ಪರಿಷ್ಕರಣೆಯಲ್ಲಿ ಹೋಯಿತು. ಅದರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ ಎಂದು ಕಾಣುತ್ತದೆ, ಯಾವ ಗದ್ದಲದಲ್ಲೂ ಅದರ ಹೆಸರು ಬರಲಿಲ್ಲ. ಬೇರೆ ಯಾರಿಗೋ ಜಾಗ ಮಾಡಿಕೊಡಲು ಎದ್ದು ಹೋಯಿತು. ಬಸ್ಸಿನಲ್ಲಿ ಮೆತ್ತಗಿದ್ದವನನ್ನು ಎಬ್ಬಿಸಿದಂತೆ. ನನ್ನ ಪೆನ್ಸಿಲ್ ಗುರುತಿಗೂ ಆ ತೀರ್ಮಾನಕ್ಕೂ ನಡುವೆ ಯಾವ ದಾರಿಯೂ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಕಳಿಸಲಿಲ್ಲ.

ಉರ್ದು ಮಾಧ್ಯಮದ ಶಿಕ್ಷಕ, ಹಳೇ ಹುಬ್ಬಳ್ಳಿ

ಅಕ್ಕನವರೇ, ನಿಮಗೆ ಪರಿಷ್ಕರಣೆಯ ಬಿಸಿ ಒಂದು ಸಲ, ನಮಗೆ ಎರಡು ಸಲ. ನಮ್ಮ ರಾಜ್ಯದಲ್ಲಿ ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ಹಿಂದಿ, ತೆಲುಗು, ತಮಿಳು ಎಂದು ಏಳು ಮಾಧ್ಯಮಗಳಲ್ಲಿ ಪುಸ್ತಕ ಬರುತ್ತದೆ. ಸಮಾಜ ವಿಜ್ಞಾನದಲ್ಲಿ ಕನ್ನಡದ ಒಂದು ಸಾಲು ಬದಲಾದರೆ ಉಳಿದ ಆರರಲ್ಲೂ ಬದಲಾಗಬೇಕು. ಟಿವಿಯಲ್ಲಿ ಗದ್ದಲ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ನಮ್ಮ ತಿದ್ದುಪಡಿ ಬರುತ್ತದೆ. ಅಲ್ಲಿಯವರೆಗೆ ಪಕ್ಕದ ಕನ್ನಡ ಶಾಲೆಯಿಂದ ಪುಸ್ತಕ ತಂದು ನಾನೇ ಬಾಯಿಮಾತಿನಲ್ಲಿ ಉರ್ದುವಿಗೆ ಹೇಳುತ್ತೇನೆ. ಪಟ್ಟಿಯಲ್ಲಿ ಅನುವಾದಕರ ಹೆಸರು ಹಾಕುವಾಗ ನನ್ನದನ್ನೂ ಹಾಕಬಹುದಿತ್ತು.

ದುರ್ಗದಬೈಲ್ ಝೆರಾಕ್ಸ್

ತಿದ್ದುಪಡಿಯ ವಿಷಯ ನನ್ನ ಅಂಗಡಿಯಿಂದ ನೋಡಬೇಕು. 2023ರಲ್ಲಿ ಪುಸ್ತಕಗಳು ಆಗಲೇ ಅಚ್ಚಾಗಿ ಶಾಲೆಗೆ ಹೋಗಿದ್ದವು. ಮತ್ತೆ ಮುದ್ರಿಸುವಂತಿರಲಿಲ್ಲ. ಯಾವ ಪಾಠ ಬಿಡಬೇಕು, ಯಾವುದು ಹೊಸದು ಎಂದು ಪೂರಕ ಪುಸ್ತಿಕೆ ಬಂತಲ್ಲ, ಅದರ ಪಿಡಿಎಫ್ ಮೊಬೈಲಿನಲ್ಲಿ ಹಿಡಿದುಕೊಂಡು ಮಾಸ್ತರರು ಬರುತ್ತಿದ್ದರು. ದಿನಕ್ಕೆ ಮೂರು ರೀಮ್ ಹಾಳೆ ಖರ್ಚಾಯಿತು. ಹೆಚ್ಚಿನವರು ಕೈಯಿಂದಲೇ ದುಡ್ಡು ಕೊಟ್ಟರು. ಒಬ್ಬರು ಮುಖ್ಯಗುರುಗಳು ರಸೀದಿ ಕೇಳಿದರು, ‘ಯಾವ ಬಾಬತ್ತು ಎಂದು ಬರೆಯಲಿ ಸರ್’ ಎಂದೆ. ಸ್ವಲ್ಪ ಹೊತ್ತು ಯೋಚಿಸಿ “ಸರ್ಕಾರ ಬದಲಾವಣೆ ಎಂದು ಬರೆ” ಎಂದರು. ನಗುತ್ತಲೇ ಹೇಳಿದರು, ಆದರೆ ನಾನು ಹಾಗೆಯೇ ಬರೆದುಕೊಟ್ಟೆ.

ನಿವೃತ್ತ ಮಾಸ್ತರ, ಧಾರವಾಡ

ಝೆರಾಕ್ಸ್ ಅವರೇ, ಆ ರಸೀದಿಯ ಕಾರ್ಬನ್ ಪ್ರತಿ ಇದ್ದರೆ ಕಾಯ್ದಿಡಿ.

ಒಂದು ಸ್ವಲ್ಪ ಹಿಂದಕ್ಕೆ ಹೋಗಲು ಅಪ್ಪಣೆ ಕೊಡಿ, ಧಾರವಾಡದವನಿಗೆ ಇದು ಚಟ. ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಒಳಗಿದ್ದುಕೊಂಡೇ ಕನ್ನಡ ಶಾ‌ಲೆಗಾಗಿ ಹೋರಾಡಿದರು. ‘ಡೆಪ್ಯುಟಿ’ ಅವರ ಹುದ್ದೆಯ ಹೆಸರು, ಜನ ಅದನ್ನು ಮನೆತನದ ಹೆಸರಿನಂತೆ ಮಾಡಿಬಿಟ್ಟರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಕನ್ನಡದಲ್ಲಿ ಪುಸ್ತಕಗಳೇ ಸಾಲದು ಎಂಬ ಕೊರಗಿನಿಂದ. ಚನ್ನಬಸಪ್ಪನವರು ಊರೂರು ತಿರುಗಿ ಶಾಲೆ ತಪಾಸಣೆ ಮಾಡಿದವರು. ಮಗುವಿನ ಬಾಯಲ್ಲಿ ಯಾವ ಮಾತು ತಿರುಗುತ್ತದೆ ಎಂಬುದು ಅವರಿಗೆ ವರದಿ ಓದಿ ತಿಳಿಯಬೇಕಾಗಿರಲಿಲ್ಲ.

ನಾವು ಆಗಿನ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಓದಿದವರ ಮಕ್ಕಳು. ಆಗಿನದೆಲ್ಲ ಚಿನ್ನ ಎಂದು ಹೇಳುತ್ತಿಲ್ಲ, ಆಗಿನ ಶಾಲೆಗೆ ಈ ಅಜ್ಜಿಯಂಥವರಿಗೆ ಬಾಗಿಲೇ ಇರಲಿಲ್ಲ. ಈಗ ಬಾಗಿಲಿದೆ, ಅವರು ಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ. ಕೇಳಿದ ಮಾತು ಸಭೆಯ ನಡಾವಳಿ ಪುಸ್ತಕ ದಾಟುತ್ತದೆಯೇ?

ಸವಣೂರಿನ ಪಾಲಕ

ಗುರುಗಳೇ, ನಿಜ ಹೇಳಬೇಕೆಂದರೆ ನಡಾವಳಿ ಪುಸ್ತಕಕ್ಕೂ ಬಂದಿಲ್ಲ. ಬಾಗಿಲು, ತಗಡು ಎರಡೇ ಬರೆದು ಸಹಿ ಹಾಕಿದ್ದೇವೆ. ‘ಇತರೆ’ ಎಂದು ಒಂದು ಸಾಲು ಖಾಲಿ ಬಿಟ್ಟಿತ್ತು.

ಇಂಡೆಂಟ್ ಗುಮಾಸ್ತ, ಹುಬ್ಬಳ್ಳಿ

ಅಲ್ಲೇ ಬರೆಯಿರಿ, ಅಧ್ಯಕ್ಷರೇ. ಕಚೇರಿಯಲ್ಲಿ ಕುಳಿತು ಕಾಗದ ಓಡಿಸುವವನ ಮಾತು ಕೇಳಿ: ಬಾಯಲ್ಲಿ ಹೇಳಿದ್ದು ಹರಟೆ, ಠರಾವಿನಲ್ಲಿ, ಅಂದರೆ ಸಭೆಯ ನಿರ್ಣಯದಲ್ಲಿ, ಬರೆದದ್ದು ವಿಷಯ. ಎಸ್‌ಡಿಎಂಸಿ ಠರಾವಿನ ಪ್ರತಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು, ನೇರವಾಗಿ ಪಠ್ಯಪುಸ್ತಕ ಸಂಘಕ್ಕೆ ಇನ್ನೊಂದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಬರೆಯುವಾಗ ‘ಪುಸ್ತಕ ಚೆನ್ನಾಗಿಲ್ಲ’ ಎಂದು ಬರೆಯಬೇಡಿ. ತರಗತಿ, ವಿಷಯ, ಭಾಗ, ಪುಟ, ಸಾಲು, ಈಗ ಏನಿದೆ, ಏನಾಗಬೇಕು. ಅಷ್ಟೇ. ಪುಟ ಸಂಖ್ಯೆ ಇಲ್ಲದ ದೂರನ್ನು ಓದುವವರಿಗೆ ಪಕ್ಕಕ್ಕಿಡುವುದು ಬಹಳ ಸುಲಭ.

ಬಾಡದ ಹಾದಿಯವ, ಹಾವೇರಿ ಜಿಲ್ಲೆ

ಕಳಿಸಿದರೆ ಓದುತ್ತಾರೆ ಎಂಬ ನಂಬಿಕೆ ನಿಮಗಿದೆಯೇ? 2022ರಲ್ಲಿ ಸಾಲುಗಳು ತಿದ್ದುಪಡಿಯಾದದ್ದು ಮಠಾಧೀಶರು, ಸಾಹಿತಿಗಳು ಪತ್ರ ಬರೆದದ್ದಕ್ಕೆ, ಬೀದಿಗಿಳಿದದ್ದಕ್ಕೆ. ಪುಟ ಸಂಖ್ಯೆ ಹಾಕಿದ್ದಕ್ಕಲ್ಲ.

ಕನ್ನಡ ಶಿಕ್ಷಕಿ, ಮುಂಡರಗಿ ತಾಲ್ಲೂಕು

ಅಣ್ಣಾ, ಕಸಬರಿಗೆಗಾಗಿ ಯಾವ ಸ್ವಾಮಿಗಳೂ ಬೀದಿಗಿಳಿಯುವುದಿಲ್ಲ. ಅದಕ್ಕೆ ಪುಟ ಸಂಖ್ಯೆಯೇ ಗತಿ.

ನನ್ನ ಮೂರು ಪ್ರತಿಗಳ ಗುರುತುಗಳನ್ನು ಒಂದು ಕಡೆ ಬರೆದು ಕಳಿಸುತ್ತೇನೆ. ಪದಗಳ ಅರ್ಥಕ್ಕೆ ಸೇರಬೇಕಾದ ನಮ್ಮ ಕಡೆಯ ಮಾತುಗಳ ಪಟ್ಟಿ ಬೇರೆ ಮಾಡುತ್ತೇನೆ. ರೋಣದ ಸರ್ ಬಣವೆ ಲೆಕ್ಕ ಬರೆದುಕೊಡಲಿ, ಆ ಹುಡುಗಿಯ ಮಾತನ್ನು ತಿದ್ದದೆ ಹಾಗೆಯೇ ಹಾಕಲಿ.

ಗಣಿತ ಮಾಸ್ತರ, ರೋಣ

ಬರೆದುಕೊಡುತ್ತೇನೆ. ಆದರೆ ದೆಹಲಿಗೂ ಒಂದು ಪ್ರತಿ ಹೋಗಬೇಕು, ಹಾಗಾಗಿ ಸಿವುಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಯಾರಾದರೂ ಹೇಳಿ.

ಸವಣೂರಿನ ಪಾಲಕ

ಇವತ್ತು ಅಜ್ಜಿಯ ಮನೆಗೆ ಹೋಗಿ ಬಂದೆ, ಸಭೆಯವರೆಗೆ ತಡೆಯಲಾಗಲಿಲ್ಲ. ಹೆಸರಿನ ಪಟ್ಟಿಯನ್ನು ಮೊಮ್ಮಗಳು ಓದಿ ಹೇಳಿದಳು. ಅಜ್ಜಿ ಎಲ್ಲವನ್ನೂ ಕೇಳಿ “ಇಷ್ಟು ಜನ ಸೇರಿ ಬರೆದಿದ್ದಾರೆಯೇ, ಪಾಪ” ಎಂದರು. ಆಮೇಲೆ “ಇವರಲ್ಲಿ ಒಬ್ಬರನ್ನಾದರೂ ಒಂದು ರಾತ್ರಿ ನಮ್ಮ ಮನೆಗೆ ಕರೆಸು, ಹುಡುಗಿ ಓದುವುದನ್ನು ಕೇಳಲಿ. ರೊಟ್ಟಿ ಮಾಡಿ ಹಾಕುತ್ತೇನೆ” ಎಂದರು. ಠರಾವಿನಲ್ಲಿ ಇದನ್ನು ಹೇಗೆ ಬರೆಯುವುದು?

ಇಂಡೆಂಟ್ ಗುಮಾಸ್ತ, ಹುಬ್ಬಳ್ಳಿ

‘ಪರಿಶೀಲಕರು ಶಾಲಾ ಭೇಟಿ ಹಾಗೂ ಗೃಹ ಭೇಟಿ ಕೈಗೊಳ್ಳುವುದು’ ಎಂದು ಬರೆಯಿರಿ. ರೊಟ್ಟಿಯನ್ನು ‘ಸ್ಥಳೀಯವಾಗಿ ಭರಿಸಲಾಗುವುದು’ ಎಂದು ಹಾಕಿ.

ದುರ್ಗದಬೈಲ್ ಝೆರಾಕ್ಸ್

ಪಟ್ಟಿಗಳು, ಠರಾವು ಎಲ್ಲದರ ಪ್ರತಿ ನನ್ನ ಕಡೆಯಿಂದ ಉಚಿತ. ಅಕ್ಕನವರ ಪೆನ್ಸಿಲ್ ಪುಟಗಳನ್ನು ಮಾತ್ರ ಸ್ವಲ್ಪ ಕಪ್ಪು ಹೆಚ್ಚಿಸಿ ತೆಗೆಯಬೇಕಾಗುತ್ತದೆ. ಪುಸ್ತಕ ಬಸ್ಸಿನಲ್ಲಿ ಕಳಿಸಬೇಡಿ, ಯಾರಾದರೂ ಬರುವಾಗ ಕೈಯಲ್ಲಿ ತರಲಿ.

ಇಂಡೆಂಟ್ ಗುಮಾಸ್ತ, ಹುಬ್ಬಳ್ಳಿ

ವಿಷಯಕ್ಕೆ ಸಂಬಂಧವಿಲ್ಲ, ಆದರೂ ಕೇಳಿಬಿಡುತ್ತೇನೆ. ಏಳನೆಯ ತರಗತಿ ಕನ್ನಡ ಮಾಧ್ಯಮ, ಸಮಾಜ ವಿಜ್ಞಾನ ಭಾಗ 2, ನಮ್ಮಲ್ಲಿ ಹನ್ನೆರಡು ಪ್ರತಿ ಕಡಿಮೆ ಬಿದ್ದಿದೆ. ಎರಡನೆಯ ಅವಧಿ ಆಗಲೇ ಶುರುವಾಗಿದೆ. ಯಾರಲ್ಲಾದರೂ ಹೆಚ್ಚಿನ ಪ್ರತಿ ಇವೆಯೇ?

ಉರ್ದು ಮಾಧ್ಯಮದ ಶಿಕ್ಷಕ, ಹಳೇ ಹುಬ್ಬಳ್ಳಿ

ನಮಗೆ ಬರಬೇಕಾದ ಉರ್ದು ಪ್ರತಿಗಳ ಬದಲು ಕನ್ನಡದ ಒಂದು ಕಟ್ಟು ಬಂದು ಬಿದ್ದಿದೆ, ಇನ್ನೂ ಹಗ್ಗ ಬಿಚ್ಚಿಲ್ಲ. ಇಪ್ಪತ್ತು ಇರಬಹುದು. ನಾಳೆ ಮಧ್ಯಾಹ್ನ ಬಿಡುವಿನಲ್ಲಿ ಬನ್ನಿ, ಹಂಚಿಕೆ ರಿಜಿಸ್ಟರ್ ತೆಗೆದುಕೊಂಡು ಬನ್ನಿ, ಸಹಿ ಹಾಕಿಸಿಕೊಳ್ಳದೆ ಕೊಡುವುದಿಲ್ಲ.